ಗಣಿ ಮುಚ್ಚಿತು, ಕಟ್ಟೆ ಉಳಿಯಿತು: ಲಕ್ಯಾ ಅಣೆಕಟ್ಟು ಮತ್ತು ಅಪಾಯದ ವರ್ಗೀಕರಣ

ತಾಳವಾಡಿ ಸೀಮೆಯ ಹಳ್ಳಗಳಿಗೆ ರಾಜ್ಯದ ಗಡಿ ತಿಳಿಯದು. ಇಲ್ಲಿ ಬಿದ್ದ ಮಳೆಯ ಒಂದು ಪಾಲು ಬಡಗಣಕ್ಕೆ ಹರಿದು ಚಾಮರಾಜನಗರದ ಚಿಕ್ಕಹೊಳೆ ಜಲಾಶಯವನ್ನು ಸೇರುತ್ತದೆ. ದಿಂಬಂ ಘಟ್ಟದ ತೆಂಕಣ ಇಳಿಜಾರಿನ ನೀರು ಮೋಯಾರ್ ಕಣಿವೆಯ ಕಡೆಗೆ ಇಳಿದು ಭವಾನಿಸಾಗರದ ಪಾಲಾಗುತ್ತದೆ. ಹೀಗೆ ಎರಡು ರಾಜ್ಯಗಳ ಅಣೆಕಟ್ಟುಗಳ ನಡುವೆ ಬದುಕುತ್ತಿರುವ ಗಡಿನಾಡ ಕನ್ನಡಿಗರಿಗೆ ‘ಅಣೆಕಟ್ಟಿನ ಅಪಾಯ ವರ್ಗ’ ಎಂಬ ಸರಕಾರಿ ಪದದ ಅರ್ಥ ತಿಳಿದಿರುವುದು ಅಗತ್ಯ. ಅಣೆಕಟ್ಟು ಸುರಕ್ಷತಾ ಕಾಯಿದೆ ಜಾರಿಗೆ ಬಂದ ಮೇಲೆ ಈ ಪದ ಕಡತಗಳಲ್ಲಿ ಮೇಲಿಂದ ಮೇಲೆ ಕಾಣಿಸಿಕೊಳ್ಳುತ್ತಿದೆ. ಆದರೆ ಅದನ್ನು ಬಹುಮಂದಿ ತಪ್ಪಾಗಿ ಓದುತ್ತಾರೆ.

ಈ ಪದದ ಅರ್ಥ ಅತ್ಯಂತ ಕಠಿಣವಾಗಿ ಪರೀಕ್ಷೆಗೆ ಒಳಗಾಗುವುದು ನೀರಿನ ಅಣೆಕಟ್ಟುಗಳಲ್ಲಿ ಅಲ್ಲ, ಗಣಿಯ ಕೆಸರನ್ನು ತಡೆದು ನಿಲ್ಲಿಸಿದ ಅಣೆಕಟ್ಟುಗಳಲ್ಲಿ. ತಾಳವಾಡಿಯಲ್ಲಿ ಅಂಥ ಕಟ್ಟೆ ಇಲ್ಲ. ಕರ್ನಾಟಕದಲ್ಲಿ ಇದೆ: ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ, ಭದ್ರಾ ನದಿಯನ್ನು ಸೇರುವ ಲಕ್ಯಾ ಹೊಳೆಗೆ ಅಡ್ಡಲಾಗಿ ನಿಂತಿರುವ ಲಕ್ಯಾ ಅಣೆಕಟ್ಟು. ಅದನ್ನು ಉದಾಹರಣೆಯಾಗಿ ಇಟ್ಟುಕೊಂಡು ಈ ವರ್ಗೀಕರಣ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ನೋಡೋಣ.

ಲಕ್ಯಾ ಹುಟ್ಟಿದ ಬಗೆ

ಕುದುರೆಮುಖ ಕಬ್ಬಿಣ ಅದಿರು ಕಂಪೆನಿ 1976ರಲ್ಲಿ ಕೇಂದ್ರ ಸರಕಾರದ ಉದ್ಯಮವಾಗಿ ಸ್ಥಾಪನೆಯಾಯಿತು. ಇಲ್ಲಿನ ಅದಿರು ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಹೋಗಬೇಕೆಂಬುದು ಮೂಲ ಒಪ್ಪಂದವಾಗಿತ್ತು. 1979ರ ಇರಾನ್ ಕ್ರಾಂತಿಯ ನಂತರ ಆ ಒಪ್ಪಂದ ಮುರಿದುಬಿತ್ತಾದರೂ ಗಣಿ ನಿಲ್ಲಲಿಲ್ಲ. 1980ರ ಹೊತ್ತಿಗೆ ಕಾರ್ಖಾನೆ ಕೆಲಸ ಆರಂಭಿಸಿತು. ವರ್ಷಕ್ಕೆ 75 ಲಕ್ಷ ಟನ್ ಸಾರವರ್ಧಿತ ಅದಿರನ್ನು ತಯಾರಿಸುವ ಸಾಮರ್ಥ್ಯ ಅದಕ್ಕಿತ್ತು. ಈ ಅದಿರು ನೀರಿನೊಡನೆ ಬೆರೆತು, ಘಟ್ಟ ಇಳಿಯುವ ಕೊಳವೆಯ ಮೂಲಕ ಮಂಗಳೂರಿನ ಬಂದರು ಮುಟ್ಟುತ್ತಿತ್ತು.

ಕುದುರೆಮುಖದ ಅದಿರಿನಲ್ಲಿ ಕಬ್ಬಿಣದ ಅಂಶ ಕಡಿಮೆ. ಆದುದರಿಂದ ಬಂಡೆಯನ್ನು ಹಿಟ್ಟಿನಂತೆ ಅರೆದು, ಕಬ್ಬಿಣದ ಕಣಗಳನ್ನು ಬೇರ್ಪಡಿಸಬೇಕಾಗುತ್ತಿತ್ತು. ಅರೆದ ಬಂಡೆಯಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಬಂದರಿಗೆ ಹೋಗುವ ಅದಿರು. ಉಳಿದ ಎರಡು ಪಾಲು ಯಾರಿಗೂ ಬೇಡವಾದ ನುಣ್ಣನೆಯ ಕೆಸರು. ಗಣಿ ಭಾಷೆಯಲ್ಲಿ ಇದಕ್ಕೆ ‘ಟೇಲಿಂಗ್ಸ್’ ಎಂದು ಹೆಸರು. ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ ಸುರಿಯುವ ಮಲೆನಾಡಿನಲ್ಲಿ ಈ ಕೆಸರನ್ನು ಬಯಲಿನಲ್ಲಿ ರಾಶಿ ಹಾಕುವಂತಿರಲಿಲ್ಲ. ಈರೋಡು ಜಿಲ್ಲೆಯಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆಯ ಹತ್ತು ಪಟ್ಟು ಅಲ್ಲಿ ಬೀಳುತ್ತದೆಂದರೆ ಅದರ ಪ್ರಮಾಣವನ್ನು ಊಹಿಸಬಹುದು. ಹೀಗಾಗಿ ಲಕ್ಯಾ ಕಣಿವೆಗೆ ಅಡ್ಡಲಾಗಿ ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟು ಎದ್ದಿತು. ಕಾಡಿನ ಕಣಿವೆ ಕೆಸರಿನಿಂದ ತುಂಬಿತು.

ಸುಪ್ರೀಂ ಕೋರ್ಟು 2002ರ ಅಕ್ಟೋಬರ್ 30ರಂದು ನೀಡಿದ ತೀರ್ಪಿನಂತೆ 2005ರ ಅಂತ್ಯಕ್ಕೆ ಗಣಿಗಾರಿಕೆ ನಿಂತಿತು. ಯಂತ್ರಗಳು ಮೌನವಾದವು, ಕಾರ್ಮಿಕರ ವಸತಿಗಳು ಬರಿದಾದವು. ಕಟ್ಟೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದರ ಹಿಂದಿರುವ ಕೆಸರಿಗೆ ನ್ಯಾಯಾಲಯದ ತೀರ್ಪು ಅನ್ವಯಿಸುವುದಿಲ್ಲ; ಅದಕ್ಕೆ ಅನ್ವಯಿಸುವುದು ಗುರುತ್ವಾಕರ್ಷಣೆ ಒಂದೇ.

ನೀರಿನ ಕಟ್ಟೆ ಬೇರೆ, ಕೆಸರಿನ ಕಟ್ಟೆ ಬೇರೆ

ನಮ್ಮ ಹಳ್ಳಿಗಳಲ್ಲಿ ಕೆರೆಯ ಏರಿ, ತೂಬು, ಕೋಡಿ ಎಂಬ ಮೂರು ಮಾತುಗಳನ್ನು ಅರಿಯದವರಿಲ್ಲ. ಏರಿ ನೀರನ್ನು ತಡೆಯುತ್ತದೆ, ತೂಬು ಬೇಕಾದಷ್ಟನ್ನು ಬಿಡುತ್ತದೆ, ಹೆಚ್ಚಾದದ್ದು ಕೋಡಿಯಲ್ಲಿ ಹೋಗುತ್ತದೆ. ಏರಿಯಲ್ಲಿ ಬಿರುಕು ಕಂಡರೆ ತೂಬೆತ್ತಿ ಕೆರೆಯನ್ನು ಬರಿದು ಮಾಡಬಹುದು. ಭವಾನಿಸಾಗರದಂಥ ದೊಡ್ಡ ಜಲಾಶಯಕ್ಕೂ ಮೂಲತಃ ಇದೇ ತರ್ಕ.

ಕೆಸರಿನ ಕಟ್ಟೆಯನ್ನು ಹೀಗೆ ಬರಿದು ಮಾಡಲಾಗದು. ಮೇಲೆ ನಿಂತ ನೀರನ್ನು ಹೊರಬಿಡಬಹುದು; ಕೆಳಗಿನ ಕೋಟಿಗಟ್ಟಲೆ ಟನ್ ಕೆಸರನ್ನು ಬಿಡಲು ತೂಬಿಲ್ಲ. ಇದು ಮೊದಲನೆಯ ವ್ಯತ್ಯಾಸ.

ಎರಡನೆಯದು ಕಟ್ಟುವ ಕ್ರಮ. ನೀರಿನ ಅಣೆಕಟ್ಟು ಒಮ್ಮೆಗೇ ಪೂರ್ತಿಯಾಗುತ್ತದೆ. ಗಣಿಯ ಕಟ್ಟೆಯನ್ನು ಸಾಮಾನ್ಯವಾಗಿ ಕೆಸರು ಏರಿದಂತೆ ಹಂತ ಹಂತವಾಗಿ ಎತ್ತರಿಸುತ್ತ ಹೋಗುತ್ತಾರೆ. ಹೊಸ ಹಂತವನ್ನು ಕಟ್ಟೆಯ ಹೊರಮೈಗೆ ಒರಗಿಸಿ, ಗಟ್ಟಿ ನೆಲದ ಮೇಲೆ ಕಟ್ಟಿದರೆ ಖರ್ಚು ಹೆಚ್ಚು, ಭದ್ರತೆಯೂ ಹೆಚ್ಚು. ಒಳಗೆ ಶೇಖರವಾದ ಕೆಸರಿನ ಮೇಲೆಯೇ ಮೆಟ್ಟಿಲಿಟ್ಟು ಕಟ್ಟಿದರೆ ಖರ್ಚು ಕಡಿಮೆ. ಆದರೆ ಕಟ್ಟೆಯ ಕಾಲು ಕೆಸರಿನಲ್ಲಿಯೇ ಊರಿರುತ್ತದೆ. ಜಗತ್ತಿನ ಹಲವು ದುರಂತಗಳ ಬೇರು ಈ ಎರಡನೆಯ ವಿಧಾನದಲ್ಲಿದೆ.

ಮೂರನೆಯದು ಕೆಸರಿನ ಸ್ವಭಾವ. ಹೊರಗಿನಿಂದ ನೋಡಿದರೆ ಅದು ಗಟ್ಟಿ ನೆಲದಂತೆ ಕಾಣುತ್ತದೆ, ಮೇಲೆ ಹುಲ್ಲೂ ಬೆಳೆಯುತ್ತದೆ. ಒಳಗೆ ಕಣಗಳ ನಡುವೆ ನೀರು ಸಿಕ್ಕಿಕೊಂಡಿರುತ್ತದೆ. ಕಣಗಳು ಒಂದಕ್ಕೊಂದು ಆತುಕೊಂಡಿರುವವರೆಗೆ ಎಲ್ಲವೂ ನಿಂತಿರುತ್ತದೆ. ಭೂಕಂಪದಿಂದಲೋ, ಸತತ ಮಳೆಯಿಂದಲೋ, ಒಳಗಿನ ನೀರಿನ ಮಟ್ಟ ಏರಿದ್ದರಿಂದಲೋ ಆ ಆಸರೆ ಕಳಚಿದರೆ ಭಾರವೆಲ್ಲ ನೀರಿನ ಮೇಲೆ ಬೀಳುತ್ತದೆ. ಘನವಾಗಿದ್ದದ್ದು ಕ್ಷಣಾರ್ಧದಲ್ಲಿ ದ್ರವವಾಗುತ್ತದೆ. ನಾಟಿಗೆ ಹದ ಮಾಡಿದ ಗದ್ದೆಯಲ್ಲಿ ಕಾಲಿಟ್ಟವರಿಗೆ ಇದರ ಸಣ್ಣ ರೂಪ ಗೊತ್ತು: ಮೇಲೆ ಸಮತಟ್ಟಾಗಿ ಕಂಡ ಮಣ್ಣು ಮೊಣಕಾಲಿನವರೆಗೆ ಒಳಗೆ ಎಳೆದುಕೊಳ್ಳುತ್ತದೆ.

ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿಯುವ ತಪ್ಪು

ಅಣೆಕಟ್ಟಿನ ಸುರಕ್ಷತೆಯಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಒಂದು: ಈ ಕಟ್ಟೆ ಈಗ ಎಷ್ಟು ಗಟ್ಟಿಯಾಗಿದೆ, ಒಡೆಯುವ ಸಂಭವ ಎಷ್ಟು? ಇದು ಕಟ್ಟೆಯ ಸ್ಥಿತಿಯ ಪ್ರಶ್ನೆ. ಎರಡು: ಒಂದು ವೇಳೆ ಒಡೆದರೆ ಕೆಳಗೆ ಏನೇನು ನಾಶವಾಗುತ್ತದೆ? ಇದು ಹಾನಿಯ ಪ್ರಶ್ನೆ.

ಅಪಾಯ ವರ್ಗೀಕರಣ ಉತ್ತರಿಸುವುದು ಎರಡನೆಯ ಪ್ರಶ್ನೆಗೆ ಮಾತ್ರ. ಕಟ್ಟೆ ಹೊಚ್ಚ ಹೊಸದಾಗಿ, ಉಕ್ಕಿನಷ್ಟು ಗಟ್ಟಿಯಾಗಿದ್ದರೂ ಅದರ ಕೆಳಗೆ ಊರಿದ್ದರೆ ಅದು ಮೇಲಿನ ವರ್ಗಕ್ಕೇ ಸೇರುತ್ತದೆ. ಶಿಥಿಲವಾದ ಕಟ್ಟೆಯಾದರೂ ಕೆಳಗೆ ಬರೀ ಬಂಡೆಗಾಡಿದ್ದರೆ ಅದು ಕೆಳಗಿನ ವರ್ಗದಲ್ಲಿರಬಹುದು. ಆದುದರಿಂದ ‘ಅತಿ ಹೆಚ್ಚು ಅಪಾಯ ವರ್ಗ’ ಎಂಬ ಪದ ಕಂಡು ನಾಳೆಯೇ ಕಟ್ಟೆ ಒಡೆಯುತ್ತದೆಂದು ಹೆದರುವುದೂ ತಪ್ಪು. ‘ಸುಸ್ಥಿತಿಯಲ್ಲಿದೆ’ ಎಂಬ ಪ್ರಮಾಣಪತ್ರ ಕಂಡು ಕೆಳಗಿನವರಿಗೆ ಭಯವಿಲ್ಲವೆಂದು ನಿಶ್ಚಿಂತರಾಗುವುದೂ ತಪ್ಪು.

ಎರಡನೆಯ ತಪ್ಪಿನ ಬೆಲೆಯನ್ನು ಬ್ರೆಜಿಲ್ ತೆತ್ತಿತು. ಅಲ್ಲಿನ ಬ್ರುಮಾಡಿನ್ಯೋ ಪಟ್ಟಣದ ಬಳಿ ವಾಲೆ ಕಂಪೆನಿಯ ಕಬ್ಬಿಣದ ಗಣಿಗೆ ಸೇರಿದ 86 ಮೀಟರ್ ಎತ್ತರದ ಕೆಸರಿನ ಕಟ್ಟೆಯೊಂದಿತ್ತು. 1976ರಲ್ಲಿ ಆರಂಭವಾದ ಆ ಕಟ್ಟೆಯನ್ನು ಕೆಸರಿನ ಮೇಲೆಯೇ ಹಂತ ಹಂತವಾಗಿ ಎತ್ತರಿಸಲಾಗಿತ್ತು. ಅದಕ್ಕೆ ಹೊಸ ಕೆಸರು ತುಂಬುವುದು ನಿಂತು ಕೆಲವು ವರ್ಷಗಳಾಗಿದ್ದವು. ಸರಕಾರಿ ದಾಖಲೆಯಲ್ಲಿ ಅದರ ಮುಂದೆ ಎರಡು ಮಾತುಗಳಿದ್ದವು: ಒಡೆಯುವ ಸಂಭವ ಕಡಿಮೆ, ಒಡೆದರೆ ಹಾನಿ ಹೆಚ್ಚು. ಕಟ್ಟೆ ಸ್ಥಿರವಾಗಿದೆಯೆಂದು ಹಿಂದಿನ ವರ್ಷವಷ್ಟೇ ಹೊರಗಿನ ತಜ್ಞ ಸಂಸ್ಥೆಯೊಂದು ಪ್ರಮಾಣೀಕರಿಸಿತ್ತು. 2019ರ ಜನವರಿ 25ರ ಮಧ್ಯಾಹ್ನ ಭೂಕಂಪವಿಲ್ಲದೆ, ಸ್ಫೋಟದ ಸದ್ದಿಲ್ಲದೆ, ಕೆಲವೇ ಸೆಕೆಂಡುಗಳಲ್ಲಿ ಅದರ ಇಡೀ ಮೈ ಕುಸಿಯಿತು. ಕಟ್ಟೆಯ ಕೆಳಗೆಯೇ ಕಂಪೆನಿಯ ಕಚೇರಿ ಮತ್ತು ಊಟದ ಮನೆ ಇದ್ದವು. 270 ಜನ ಸತ್ತರು. ಎಚ್ಚರಿಕೆಯ ಸೈರನ್ ಕೂಗಲೇ ಇಲ್ಲ.

ದಾಖಲೆಯ ಎರಡನೆಯ ಮಾತು ಅಕ್ಷರಶಃ ನಿಜವಾಯಿತು, ಮೊದಲನೆಯದು ಸುಳ್ಳಾಯಿತು. ಸಂಭವ ಎಂಬುದು ಮಾನವರ ಅಂದಾಜು, ಅದು ತಪ್ಪಬಹುದು. ಕೆಳಗೆ ಊಟದ ಮನೆ ಇದೆ ಎಂಬುದು ಕಣ್ಣಿಗೆ ಕಾಣುವ ಸತ್ಯ. ಹಾನಿಯನ್ನು ಸಂಭವದಿಂದ ಬೇರ್ಪಡಿಸಿ ಅಳೆಯುವುದು ಈ ಕಾರಣಕ್ಕಾಗಿಯೇ.

ವರ್ಗವನ್ನು ನಿರ್ಧರಿಸುವ ಬಗೆ

ಬ್ರುಮಾಡಿನ್ಯೋ ದುರಂತದ ಬಳಿಕ 2020ರ ಆಗಸ್ಟಿನಲ್ಲಿ ಗಣಿ ಕೆಸರಿನ ನಿರ್ವಹಣೆಗೆ ಒಂದು ಜಾಗತಿಕ ಮಾನದಂಡ ಪ್ರಕಟವಾಯಿತು. ಅದರಲ್ಲಿ ಐದು ವರ್ಗಗಳಿವೆ: ಕಡಿಮೆ, ಗಣನೀಯ, ಹೆಚ್ಚು, ಅತಿ ಹೆಚ್ಚು, ಪರಮಾವಧಿ. ಜೀವಹಾನಿಯ ಅಂದಾಜು ಒಂದರಿಂದ ಹತ್ತು ಜನರಾದರೆ ‘ಹೆಚ್ಚು’; ಹತ್ತರಿಂದ ನೂರಾದರೆ ‘ಅತಿ ಹೆಚ್ಚು’; ನೂರನ್ನು ಮೀರಿದರೆ ‘ಪರಮಾವಧಿ’. ಜೀವಹಾನಿ ಮಾತ್ರವಲ್ಲದೆ ಪರಿಸರ, ಜನರ ಆರೋಗ್ಯ ಮತ್ತು ಸಂಸ್ಕೃತಿ, ಮೂಲಸೌಕರ್ಯ ಹಾಗೂ ಆರ್ಥಿಕತೆಯ ಹಾನಿಯನ್ನೂ ಅಳೆಯಬೇಕು. ಇವುಗಳಲ್ಲಿ ಯಾವುದು ಅತ್ಯಂತ ಕೆಟ್ಟದ್ದೋ ಅದೇ ಕಟ್ಟೆಯ ವರ್ಗವಾಗುತ್ತದೆ; ಸರಾಸರಿ ತೆಗೆಯುವಂತಿಲ್ಲ.

ನೀರಿನ ಅಣೆಕಟ್ಟುಗಳಿಗಾಗಿ ಕೇಂದ್ರ ಜಲ ಆಯೋಗ 2020ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ನಾಲ್ಕು ವರ್ಗಗಳಿವೆ. ಅಣೆಕಟ್ಟಿನ ಸ್ವಂತ ಮೌಲ್ಯ, ಜೀವಹಾನಿ, ಆಸ್ತಿಹಾನಿ, ಪರಿಸರ ಮತ್ತು ಸಾಂಸ್ಕೃತಿಕ ಹಾನಿ ಇವುಗಳನ್ನು ತೂಗಿ ವರ್ಗ ನಿಗದಿಯಾಗುತ್ತದೆ. ಇದಕ್ಕೆ ಮುನ್ನ, 1985ರ ಭಾರತೀಯ ಮಾನಕದಲ್ಲಿ, ಕಟ್ಟೆಯ ಗಾತ್ರವನ್ನು ನೋಡಿ ಅದು ತಾಳಬೇಕಾದ ಪ್ರವಾಹವನ್ನು ನಿರ್ಧರಿಸುವುದು ರೂಢಿಯಾಗಿತ್ತು. ಕಟ್ಟೆ ಎಷ್ಟು ದೊಡ್ಡದು ಎಂಬುದರಿಂದ ಕೆಳಗೆ ಯಾರಿದ್ದಾರೆ ಎಂಬುದರ ಕಡೆಗೆ ದೃಷ್ಟಿ ಹೊರಳಿದ್ದು ದೊಡ್ಡ ಬದಲಾವಣೆ.

ಈ ಬದಲಾವಣೆಯಿಂದ ಒಂದು ವಿಚಿತ್ರ ಪರಿಣಾಮವೂ ಉಂಟು. ಕಟ್ಟೆಯ ಒಂದು ಕಲ್ಲೂ ಅಲುಗದಿದ್ದರೂ ಅದರ ವರ್ಗ ಮೇಲೇರಬಹುದು. 1955ರಲ್ಲಿ ಭವಾನಿಸಾಗರ ಪೂರ್ಣಗೊಂಡಾಗ ಸತ್ಯಮಂಗಲ, ಗೋಬಿಚೆಟ್ಟಿಪಾಳ್ಯಗಳ ವಿಸ್ತಾರ ಇಂದಿನಷ್ಟಿರಲಿಲ್ಲ. ನದಿಯ ದಂಡೆಯಲ್ಲಿ ಏಳುವ ಪ್ರತಿಯೊಂದು ಹೊಸ ಬಡಾವಣೆ, ಶಾಲೆ, ಆಸ್ಪತ್ರೆ ಮೇಲಿನ ಅಣೆಕಟ್ಟಿನ ಹೊಣೆಯನ್ನು ಹೆಚ್ಚಿಸುತ್ತದೆ. ಆದುದರಿಂದ ವರ್ಗೀಕರಣ ಒಮ್ಮೆ ಮಾಡಿ ಕಪಾಟಿನಲ್ಲಿಡುವ ಕಾಗದವಲ್ಲ; ಕಾಲಕಾಲಕ್ಕೆ ಹೊಸದಾಗಿ ಮಾಡಬೇಕಾದ ಎಣಿಕೆ.

ಈಗ ಇದೇ ಪ್ರಶ್ನೆಗಳನ್ನು ಲಕ್ಯಾಕ್ಕೆ ಅನ್ವಯಿಸಿ ನೋಡಬಹುದು. ವರ್ಗವನ್ನು ನಿಗದಿಪಡಿಸುವುದು ತಜ್ಞರ ಕೆಲಸ. ಆದರೆ ಅವರು ಏನನ್ನು ಎಣಿಸಬೇಕೆಂಬುದನ್ನು ಭೂಪಟ ನೋಡಿದ ಯಾರಾದರೂ ಹೇಳಬಲ್ಲರು. ಕಟ್ಟೆಯ ಕೆಳಗೆ ಭದ್ರಾ ನದಿ ಇದೆ. ಸುತ್ತಲೂ ಕುದುರೆಮುಖ ರಾಷ್ಟ್ರೀಯ ಉದ್ಯಾನವಿದೆ. ಹೊಳೆಯ ದಾರಿಯಲ್ಲಿ ಕಳಸ, ಬಾಳೆಹೊನ್ನೂರು ಇವೆ. ಮುಂದೆ ಲಕ್ಕವಳ್ಳಿಯ ಭದ್ರಾ ಜಲಾಶಯವಿದೆ. ಅದರ ನೀರನ್ನು ನಂಬಿ ಶಿವಮೊಗ್ಗ, ದಾವಣಗೆರೆಗಳ ಗದ್ದೆ ತೋಟಗಳಿವೆ. ಬ್ರೆಜಿಲ್ಲಿನಲ್ಲಿಯೇ 2015ರ ನವೆಂಬರ್ 5ರಂದು ಒಡೆದ ಫುಂಡಾವ್ ಕಟ್ಟೆಯ ಕೆಸರು 19 ಜನರನ್ನು ಬಲಿ ತೆಗೆದುಕೊಂಡು, ನದಿಯಲ್ಲಿ 600 ಕಿಲೋಮೀಟರಿಗೂ ಹೆಚ್ಚು ದೂರ ಸಾಗಿ ಅಟ್ಲಾಂಟಿಕ್ ಸಾಗರವನ್ನು ಮುಟ್ಟಿತು. ಕೆಸರಿನ ಹಾನಿಯನ್ನು ಕಟ್ಟೆಯ ಬುಡದಲ್ಲಿ ನಿಂತು ಅಳೆಯಲಾಗದು; ನದಿಯ ಉದ್ದಕ್ಕೂ ಅಳೆಯಬೇಕು.

ಮುಪ್ಪು ಎಂದರೆ ವಯಸ್ಸು ಮಾತ್ರವಲ್ಲ

‘ಗಣಿ ನಿಂತಿದೆ, ಹೊಸ ಕೆಸರು ಬರುವುದಿಲ್ಲ, ಇನ್ನೇನು ಭಯ?’ ಎಂಬ ಮಾತು ಸಹಜವಾದುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ: ಕೆಸರು ತುಂಬುವುದು ನಿಂತು, ಒಳಗಿನ ನೀರು ಬಸಿದುಹೋಗುತ್ತ ಬಂದರೆ ಕಟ್ಟೆ ಕ್ರಮೇಣ ಹೆಚ್ಚು ಸ್ಥಿರವಾಗುತ್ತದೆ. ಆದರೆ ನೀರು ಬಸಿಯಬೇಕಾದರೆ ಒಳಗಿನ ಬಸಿಗಾಲುವೆಗಳು ಕಟ್ಟಿಕೊಳ್ಳದೆ ಇರಬೇಕು. ಮಳೆಗಾಲದಲ್ಲಿ ಬಂದ ನೀರು ಕೋಡಿಯಲ್ಲಿ ಸರಾಗವಾಗಿ ಹೋಗಬೇಕು. ಏರಿಯ ಮೇಲೆ ಬೇರೂರಿದ ಮರಗಳನ್ನು, ಬಿಲ ತೋಡುವ ಪ್ರಾಣಿಗಳನ್ನು ಯಾರಾದರೂ ಗಮನಿಸುತ್ತಿರಬೇಕು. ಏರಿಯೊಳಗಿನ ನೀರಿನ ಒತ್ತಡವನ್ನು ತೋರಿಸುವ ಪೀಜೋಮೀಟರ್ ಕೊಳವೆಗಳನ್ನು ಯಾರಾದರೂ ಓದುತ್ತಿರಬೇಕು. ಕಟ್ಟೆಯ ಬುಡದಲ್ಲಿ ಒಸರುವ ನೀರು ತಿಳಿಯಾಗಿದೆಯೇ ಕದಡಿದೆಯೇ ಎಂಬ ಸರಳ ಗಮನಿಕೆಯೇ ಎಷ್ಟೋ ಸಲ ಮೊದಲ ಎಚ್ಚರಿಕೆ. ಒಸರು ಕದಡಿದರೆ ಒಳಗಿನ ಮಣ್ಣು ಕೊಚ್ಚಿಹೋಗುತ್ತಿದೆ ಎಂದರ್ಥ.

ಹಳೆಯ ಕೆರೆಗಳಿಗೆ ಈ ಕೆಲಸಕ್ಕೆ ನೀರುಗಂಟಿ ಇದ್ದ. ಆತನ ತಂದೆಯೂ ಅದೇ ಕೆರೆಯನ್ನು ಕಾದಿದ್ದ, ಮಗನೂ ಕಾಯಲಿದ್ದ. ಗಣಿಯ ಕಟ್ಟೆಗೆ ನೀರುಗಂಟಿ ಕಂಪೆನಿ. ಅದಿರು ಹೋಗುತ್ತಿರುವವರೆಗೆ ಕಾಯುವುದಕ್ಕೆ ಅದಕ್ಕೆ ಆದಾಯವಿತ್ತು. ಗಣಿ ಮುಚ್ಚಿದ ಮೇಲೆ ಕಾಯುವುದು ಬರೀ ಖರ್ಚು. ಮುಪ್ಪಾದ ಕಟ್ಟೆಯ ನಿಜವಾದ ದೌರ್ಬಲ್ಯ ಇದು.

ಇದನ್ನು ಮನಗಂಡೇ ಜಾಗತಿಕ ಮಾನದಂಡ ಒಂದು ನಿಯಮವನ್ನು ಇಟ್ಟಿದೆ. ಗಣಿ ನಡೆಯುತ್ತಿರುವಾಗ ‘ಕಡಿಮೆ’ ವರ್ಗದ ಕಟ್ಟೆ ಯಾವುದೇ ವರ್ಷ ಬರುವ ಸಂಭವ 200ರಲ್ಲಿ 1 ಇರುವ ಪ್ರವಾಹವನ್ನು ತಾಳಿದರೆ ಸಾಕು. ‘ಪರಮಾವಧಿ’ ವರ್ಗದ್ದು 10,000ದಲ್ಲಿ 1 ಸಂಭವದ ಪ್ರವಾಹವನ್ನು ತಾಳಬೇಕು. ಆದರೆ ಗಣಿ ಮುಚ್ಚಿ, ಕಾಯುವವರಿಲ್ಲದ ಸ್ಥಿತಿಗೆ ಬಂದ ಮೇಲೆ ಎಲ್ಲ ವರ್ಗದ ಕಟ್ಟೆಗಳಿಗೂ 10,000ದಲ್ಲಿ 1 ಎಂಬ ಅಳತೆಯೇ ಅನ್ವಯ. ಕಾರಣ ಸರಳ ಲೆಕ್ಕ. 200ರಲ್ಲಿ 1 ಎಂಬುದು ಸಣ್ಣ ಸಂಖ್ಯೆಯಂತೆ ಕೇಳಿಸಿದರೂ 50 ವರ್ಷಗಳ ಅವಧಿಯಲ್ಲಿ ಅಂಥ ಪ್ರವಾಹ ಒಮ್ಮೆಯಾದರೂ ಬರುವ ಸಂಭವ ನೂರಕ್ಕೆ ಸುಮಾರು 22. ಕಟ್ಟೆ ಇರುವುದು 50 ವರ್ಷಕ್ಕಲ್ಲ, ಎಂದೆಂದಿಗೂ.

ಕೆಸರಿನಲ್ಲಿ ಉಳಿದ ಲೋಹವನ್ನು ಮತ್ತೆ ತೆಗೆಯುವ ವಿಚಾರವೂ ಈಗ ಮುನ್ನೆಲೆಗೆ ಬಂದಿದೆ. 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರ ಚಿನ್ನದ ಗಣಿಯ 13 ತ್ಯಾಜ್ಯ ದಿಬ್ಬಗಳಿಂದ ಚಿನ್ನವನ್ನು ಮರುಶೋಧಿಸುವ ಕೇಂದ್ರದ ಪ್ರಸ್ತಾವಕ್ಕೆ ಕರ್ನಾಟಕ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿತು. ಕೆಜಿಎಫ್‌ನ ಜನ ‘ಸಯನೈಡ್ ದಿಬ್ಬ’ ಎಂದು ಕರೆಯುವ ಅವುಗಳ ಅಪಾಯ ಪ್ರವಾಹಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿ ಏಳುವ ದೂಳು. ಮರುಶೋಧನೆ ತಪ್ಪಲ್ಲ; ತ್ಯಾಜ್ಯ ಕಡಿಮೆಯಾಗುವುದು ಒಳ್ಳೆಯದೇ. ಆದರೆ ದಕ್ಷಿಣ ಆಫ್ರಿಕದ ಯಾಗರ್ಸ್‌ಫಾಂಟೈನ್‌ನಲ್ಲಿ 2022ರ ಸೆಪ್ಟೆಂಬರ್ 11ರಂದು ಒಡೆದು ಊರಿಗೆ ನುಗ್ಗಿದ್ದು, ಹಳೆಯ ವಜ್ರದ ಗಣಿಯ ತ್ಯಾಜ್ಯವನ್ನು ಮತ್ತೆ ಸೋಸಿದಾಗ ಉಳಿದ ಕೆಸರಿನ ಕಟ್ಟೆಯೇ. ನಿದ್ದೆಯಲ್ಲಿರುವ ಕೆಸರನ್ನು ಎಬ್ಬಿಸುವ ಮುನ್ನ ಅದರ ವರ್ಗವನ್ನು ಹೊಸದಾಗಿ ಎಣಿಸಬೇಕು.

ಕಾನೂನು ಎಲ್ಲಿಯವರೆಗೆ ಮುಟ್ಟುತ್ತದೆ

ಅಣೆಕಟ್ಟು ಸುರಕ್ಷತಾ ಕಾಯಿದೆ 2021ರ ಡಿಸೆಂಬರ್ 30ರಂದು ಜಾರಿಗೆ ಬಂದಿತು. 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳು, ಹಾಗೂ ಕೆಲವು ಷರತ್ತುಗಳಿಗೆ ಒಳಪಡುವ 10ರಿಂದ 15 ಮೀಟರ್ ಎತ್ತರದವು ಅದರ ವ್ಯಾಪ್ತಿಗೆ ಸೇರುತ್ತವೆ. ಮಳೆಗಾಲಕ್ಕೆ ಮುನ್ನ ಮತ್ತು ನಂತರ ತಪಾಸಣೆ, ಅಪಾಯ ವರ್ಗೀಕರಣ, ಐದು ವರ್ಷಗಳೊಳಗೆ, ಅಂದರೆ 2026ರ ಅಂತ್ಯದೊಳಗೆ, ತುರ್ತು ಕ್ರಿಯಾ ಯೋಜನೆ ಇವೆಲ್ಲ ಕಡ್ಡಾಯ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದದ್ದು ಇಂಥ ತಪಾಸಣೆಯ ಬೆಲೆಯನ್ನು ಎಲ್ಲರಿಗೂ ತೋರಿಸಿತು.

ಈ ಕಾಯಿದೆಯ ವ್ಯಾಖ್ಯೆ ನದಿ ಅಥವಾ ಉಪನದಿಗೆ ಅಡ್ಡಲಾಗಿ ‘ನೀರನ್ನು’ ತಡೆಯಲು ಅಥವಾ ತಿರುಗಿಸಲು ಕಟ್ಟಿದ ತಡೆಯನ್ನು ಹೇಳುತ್ತದೆ. ಗಣಿ ಕೆಸರಿನ ಹೆಸರು ಅಲ್ಲಿಲ್ಲ. ಗಣಿಯ ಕಟ್ಟೆಗಳ ಮೇಲ್ವಿಚಾರಣೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ, ಭಾರತೀಯ ಗಣಿ ಬ್ಯೂರೋ, ಮಾಲಿನ್ಯ ನಿಯಂತ್ರಣ ಮಂಡಳಿಗಳ ನಡುವೆ ಹಂಚಿಹೋಗಿದೆ. ಹಲವರಿಗೆ ಹಂಚಿದ ಹೊಣೆಯಲ್ಲಿ ಕೆಳಗಿನ ಊರಿನವನು ಯಾರ ಬಾಗಿಲು ತಟ್ಟಬೇಕೆಂಬುದು ಸ್ಪಷ್ಟವಾಗಿರಬೇಕು.

ಎಚ್ಚರಿಕೆ ಯಾರ ಭಾಷೆಯಲ್ಲಿ?

ವರ್ಗೀಕರಣದ ಕೊನೆಯ ಫಲ ತುರ್ತು ಕ್ರಿಯಾ ಯೋಜನೆ: ಯಾವ ಊರಿಗೆ ಎಷ್ಟು ಹೊತ್ತಿನಲ್ಲಿ ನೀರು ಬರುತ್ತದೆ, ಸೈರನ್ ಎಲ್ಲಿದೆ, ಯಾವ ದಿಣ್ಣೆಗೆ ಓಡಬೇಕು, ಮುದುಕರನ್ನೂ ಎಳೆಯರನ್ನೂ ಯಾರು ಕರೆದೊಯ್ಯಬೇಕು. ಈ ಯೋಜನೆ ಎಷ್ಟೇ ಉತ್ತಮವಾಗಿದ್ದರೂ ಓದಲು ಬಾರದ ಭಾಷೆಯಲ್ಲಿದ್ದರೆ ಅದು ಊರಿನ ಪಾಲಿಗೆ ಇಲ್ಲದಂತೆಯೇ. ಗಡಿಜಿಲ್ಲೆಗಳ ಭಾಷಾ ಅಲ್ಪಸಂಖ್ಯಾತರಿಗೆ ಇದು ಅಲಂಕಾರದ ಮಾತಲ್ಲ. ತಾಳವಾಡಿಯ ಕನ್ನಡಿಗರಿಗೆ ಹೇಗೋ, ಕೆಜಿಎಫ್‌ನ ತಮಿಳರಿಗೂ ಹಾಗೆಯೇ.

ಕೇಳುವುದಕ್ಕೆ ಆಧಾರಗಳಿವೆ. ಸಂವಿಧಾನದ 350ನೇ ವಿಧಿ, ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಧಿಕಾರಿಗೆ ಅಹವಾಲು ಸಲ್ಲಿಸುವ ಹಕ್ಕನ್ನು ಎಲ್ಲರಿಗೂ ನೀಡಿದೆ. ಒಂದು ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಷ್ಟಿದ್ದರೆ ಮುಖ್ಯ ನಿಯಮ ಮತ್ತು ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಹೊರಬರಬೇಕೆಂಬುದು ಒಪ್ಪಿತವಾದ ರಕ್ಷಣೆ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೇ ಪ್ರಕರಣ, ಮಾಹಿತಿಯನ್ನು ತಾನಾಗಿಯೇ ಪ್ರಕಟಿಸುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದು ಹೇಳುತ್ತದೆ.

ಆದುದರಿಂದ ನದಿಯ ಕೆಳದಂಡೆಯಲ್ಲಿ ವಾಸಿಸುವ ಯಾರೇ ಆಗಲಿ, ನೀರಿನ ಕಟ್ಟೆಯಾಗಲಿ ಕೆಸರಿನ ಕಟ್ಟೆಯಾಗಲಿ, ಕೇಳಬೇಕಾದ ಪ್ರಶ್ನೆಗಳು ಐದು. ಈ ಕಟ್ಟೆಯ ಅಪಾಯ ವರ್ಗ ಯಾವುದು, ಅದನ್ನು ಕೊನೆಯದಾಗಿ ಎಣಿಸಿದ್ದು ಯಾವ ವರ್ಷ? ಅದರ ಸ್ಥಿತಿಯನ್ನು ಕೊನೆಯದಾಗಿ ಪರೀಕ್ಷಿಸಿದವರು ಯಾರು, ಅವರಿಗೆ ಹಣ ಕೊಟ್ಟವರು ಯಾರು? ಒಡೆದರೆ ಮುಳುಗುವ ಊರುಗಳ ನಕ್ಷೆ ಎಲ್ಲಿದೆ? ತುರ್ತು ಯೋಜನೆ ನಮ್ಮ ಭಾಷೆಯಲ್ಲಿ ಇದೆಯೇ, ಅದರ ಅಣಕು ಕಾರ್ಯಾಚರಣೆ ನಡೆದಿದೆಯೇ? ಇಂದು ಕಟ್ಟೆಯನ್ನು ಕಾಯುತ್ತಿರುವವರು ಹೋದ ಮೇಲೆ ಕಾಯುವವರು ಯಾರು?

ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕದಿದ್ದರೆ ಮೊದಲ ನಾಲ್ಕರ ಉತ್ತರಗಳು ಬಹುಕಾಲ ಬಾಳುವುದಿಲ್ಲ. ಗ್ರಾಮಸಭೆಯ ನಡಾವಳಿಯಲ್ಲಿ ಈ ಐದನ್ನೂ ಬರೆಸಿ, ಜಿಲ್ಲಾಡಳಿತಕ್ಕೆ ಕನ್ನಡದಲ್ಲಿಯೇ ಸಲ್ಲಿಸಲು ಯಾವ ಅಡ್ಡಿಯೂ ಇಲ್ಲ.